ಮೂರು ಬಣ್ಣದ ಕೆಳಗಿನ ಸೈಕಲ್

ನನ್ನ ಗಂಡ ಅಮಾತೆಪ್ಪ ಇಳಕಲ್ ಬಸ್‌ಸ್ಟ್ಯಾಂಡ್ ಹಿಂದ ಸೈಕಲ್ ರಿಪೇರಿ ಮಾಡತಿದ್ದ. ಮಾತು ಕಮ್ಮಿ. ಊಟಕ್ಕ ಕೂತರೂ ಬೆರಳಿನಾಗ ಒಂದು ನಟ್ಟು ತಿರುವುತಿದ್ದ. ಹಳೇ ಸೈಕಲ್ ಬಂದರ ಅದು ಎಲ್ಲಿ ಹುಟ್ಟಿದ್ದು, ಯಾವ ಸಾಮಾನು ಅಸಲಿ, ಯಾವುದು ಆಮೇಲೆ ಹಾಕಿದ್ದು ಅಂತ ಹುಡುಕೋದು ಅವನ ಹುಚ್ಚು.

ಎಂಬತ್ತಮೂರರಾಗ ಬಾಗಲಕೋಟಿ ಗುಜರಿಯಿಂದ ಒಂದು ರೇಸ್ ಸೈಕಲ್ ತಂದ. ಹ್ಯಾಂಡಲ್ ಟಗರಿನ ಕೊಂಬಿನಂಗ ಕೆಳಗ ಬಗ್ಗಿತ್ತು. ಮೈಯೆಲ್ಲ ಹಸಿರು.

"ಇಂಗ್ಲಂಡಿಂದು. ಬ್ರಿಟಿಷರು ಬಿಟ್ಟು ಹೋಗಿದ್ದು," ಅಂದ.

"ಛಲೋ ಇದ್ದಿದ್ದರ ಬಿಟ್ಟು ಹೋಗತಿದ್ದರೇನು?"

ನಕ್ಕ. ಬ್ಲೇಡ್ ಹಿಡಕೊಂಡು ಕೆರೆಯಾಕ ಕೂತ. ಹಸಿರಿನ ಕೆಳಗ ಕೆಂಪು. ಕೆಂಪಿನ ಕೆಳಗ ನೀಲಿ. ನೀಲಿ ಕೆಳಗ ಅಸಲಿ ಬಣ್ಣ, ಕರೀದು, ಬಂಗಾರದ ಗೆರಿ ಇತ್ತು. ಪೆಡಲ್, ಗಾಲಿ ನಡುವಿನ ಹಬ್ಬು, ಚೈನಿನ ಚಕ್ರ, ಎಲ್ಲದರ ಮ್ಯಾಲೂ ಒಂದ ಕಂಪನಿ ಮೊಹರು. ಮುಂದಿನ ಗಾಲಿ ಹಿಡಿಯೋ ಚಿಮಟಾದ ಮ್ಯಾಲೆ ಮೊಹರಿಲ್ಲ. ಅದರಾಗ ನೀಲಿ ತನಕ ಸಿಕ್ಕಿತು, ಕರಿ ಸಿಗಲಿಲ್ಲ. ಎರಡು ಕಡೆ ಮುರಿದು ಬೆಸುಗಿ ಹಾಕಿದ ಗುರುತು ಬ್ಯಾರೆ.

"ಇದು ಅಸಲಿ ಅಲ್ಲ," ಅಂದ. "ಅಸಲಿ ಎಲ್ಲೈತೋ, ತರಬೇಕು."

ಗುಜರಿ ಅಂಗಡಿಯ ಜಹಾಂಗೀರ, ಸೈಕಲ್ ಬದಾಮಿಯ ಒಂದು ಮನಿಯಿಂದ ಬಂದದ್ದು ಅಂತ ಹೇಳಿದ. ನಾನೂ ಕೂಡ ಹೋದೆ. ಅಮೀನಬಿ ಅನ್ನೋ ಹೆಣಮಗಳು ಬಾಗಿಲದಾಗ ನಿಂತಳು, ಒಳಗ ಕರೀಲಿಲ್ಲ.

"ಹಸಿರು ನಾವ ಹಚ್ಚಿದ್ದು. ನಮ್ಮವರು ಅದರ ಮ್ಯಾಲಿಂದ ಬಿದ್ದು ಹೋದರು. ಸಾವಿನ ಸಾಮಾನು ಇದ್ದಂಗ ಮಾರಿದರ ಯಾರ್ ತಗೋತಾರ್ರೀ?"

"ನೀವು ತಗೊಂಡಾಗ ಯಾವ ಬಣ್ಣ ಇತ್ತು?" ಅಂತ ಕೇಳಿದೆ.

"ಕೆಂಪು. ಹುನಗುಂದದವರದು. ಅವರ ಮನ್ಯಾಗ ಏನಾಗಿತ್ತು, ನಾವು ಕೇಳಲಿಲ್ಲ."

ಬಸ್ಸಿನಾಗ ನಾ ಬೆರಳು ಮಡಚಿದೆ. ನೀಲಿ, ಕೆಂಪು, ಹಸಿರು.

"ಬಣ್ಣಕ್ಕೊಂದು ಸಾವು, ಮೂರು ಮನಿ ಆತು. ಒಡದು ಹಾಕು ಅದನ್ನ."

"ಸೈಕಲ್ಲಿಂದೇನು ತಪ್ಪು? ತಪ್ಪು ಚಿಮಟಾದ್ದು. ಹುನಗುಂದದಾಗ ಕೇಳತೇನಿ. ಅಸಲಿ ಸಿಕ್ಕರ ಮುಗೀತು."

"ಹತ್ತಬ್ಯಾಡ ಮತ್ತ."

"ಹುಚ್ಚೀ, ಬಸ್ಸಿನ ಮ್ಯಾಲೆ ಹಾಕ್ಕೊಂಡು ಹೋಗತೇನಿ."

ಬಸ್ಸಿನ ಮ್ಯಾಲೆ ಅವತ್ತು ನೂಲಿನ ಗಂಟು ತುಂಬಿದ್ದವಂತ. ಕಂಡಕ್ಟರ್ ಒಲ್ಲೆ ಅಂದ. ಇವ ಹತ್ತಿಕೊಂಡು ಹೋದ. ಹುನಗುಂದದ ಇಳಿಜಾರಿನಾಗ ಚಿಮಟಾ ಮುರೀತು. ಸಂಜೀಕ ಕಲ್ಲಿನ ಲಾರಿಯಾಗ ಅವನ್ನ ತಂದರು. ಸೈಕಲ್ಲೂ ತಂದರು.

ಮಣ್ಣು ಮಾಡಿದ ಮ್ಯಾಲೆ ಮೈದುನ ಹಣಮಪ್ಪ ಅಂದ, "ವೈನೀ, ಅದು ಮನ್ಯಾಗ ಇರಬಾರದು."

"ಹೌದು. ಕಡಿಸಿ ಹಾಕು."

"ಆತು."

ಒಯ್ದ. ಆ ವಾರ ಊಟಕ್ಕ ಬಂದ. ಉಗರಿನ ಸಂದ್ಯಾಗ ಹಳದಿ ಬಣ್ಣ ಇತ್ತು. ನಾ ರೊಟ್ಟಿ ನೀಡೋದು ಬಿಟ್ಟೆ.

"ಯಾರಿಗೆ ಕೊಟ್ಟಿ?"

"ಚಿಮಟಾಕ್ಕ ಬೆಸುಗಿ ಹಾಕಿಸಿದೆ. ಸಂತ್ಯಾಗ ಯಾರೋ ತಗೊಂಡ. ಊರು ಕೇಳಲಿಲ್ಲ."

ಆ ಸೈಕಲ್ ಈಗ ಹಳದಿ ಇರಬೇಕು. ಬ್ಯಾರೆ ಬಣ್ಣ ಆಗಿದ್ದರೂ ಆಗಿರಬಹುದು. ಟಗರಿನ ಕೊಂಬಿನಂಥ ಹ್ಯಾಂಡಲ್ ಕಂಡರ ಹತ್ತಬ್ಯಾಡ್ರಿ. ಮೊದಲ ಮುಂದಿನ ಚಿಮಟಾ ಕೆರೆದು ನೋಡ್ರಿ. ಎಷ್ಟು ಕೆರೆದರೂ ಕರೀ ಬಣ್ಣ ಸಿಗೋದಿಲ್ಲ.