ಅರ್ಧ ಏಸಿಯ ಬೇಸಿಗೆ

ಒಂದು ಏಸಿಗೆ ಎರಡು ಸಂಸಾರಗಳಿದ್ದ ಕಾಲವದು. ಅಬುಧಾಬಿಯ ಖಾಲಿದಿಯಾದಲ್ಲಿ ಹಳೆಯ ವಿಲ್ಲಾವೊಂದರ ಹಾಲಿಗೆ ಪ್ಲೈವುಡ್ ಅಡ್ಡ ಹೊಡೆದು, ಇತ್ತ ನಾವು, ಅತ್ತ ಬಂಟ್ವಾಳ ಕಡೆಯ ಝೊಹರಾ ಆಂಟಿ, ಹಮೀದ್ ಅಂಕಲ್ ಇದ್ದೆವು. ಕಿಟಕಿ ಏಸಿಯ ಮುಖ ಸರಿಯಾಗಿ ಪ್ಲೈವುಡ್ಡಿನ ಗೆರೆಗೇ ಬಂದಿತ್ತು. ಸ್ವಿಚ್ಚು ನಮ್ಮ ಪಾಲಿಗೆ, ಫಿಲ್ಟರ್ ಎಳೆಯುವ ಬದಿ ಅವರ ಪಾಲಿಗೆ. ವಾರಕ್ಕೊಮ್ಮೆ ಆಂಟಿ ಪ್ಲೈವುಡ್ ತಟ್ಟಿದರೆ ನಾನು ಆಫ್ ಮಾಡುತ್ತಿದ್ದೆ. ಫಿಲ್ಟರ್ ತೊಳೆದು ಹಾಕಿ ಮತ್ತೆ ತಟ್ಟಿದರೆ ಆನ್.

ಪ್ಲೈವುಡ್ಡಿನ ಕೆಳಗೆ ಬೆರಳು ತೂರುವಷ್ಟು ಸಂದಿತ್ತು. ನಾನು ಶಾಲೆಯಿಂದ ಬಂದವಳೇ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಅದರೊಳಗೆ ಬಳೆ ತೂರಿಸುತ್ತಿದ್ದೆ. ಆ ಕಡೆಯಿಂದ ಶಿಫಾ ಹಿಡಿದು ಎಳೆಯುತ್ತಿದ್ದಳು. ಅವಳು ಆಂಟಿಯ ಅಂಬೆಗಾಲಿನ ಮಗು. ನನಗೆ ತಂಗಿ ಇರಲಿಲ್ಲ, ಸಂದಿನಾಚೆಯ ಆ ಬೆರಳುಗಳೇ ತಂಗಿ.

ಆಗಸ್ಟಿನ ಸೆಕೆಯಲ್ಲಿ ಜಗಳವಾಯಿತು. ಮಮ್ಮಿ ಚಟ್ನಿಗೆಂದು ಒಣಸಿಗಡಿ ಹುರಿದಳು. ಹೊಗೆ ಪ್ಲೈವುಡ್ ಹಾರಿ ಆಚೆ ಇಳಿಯಿತು. ಮಗು ಕೆಮ್ಮುತ್ತದೆ ಎಂದರು ಆಂಟಿ. ದಿನಾ ಸ್ನಾನ ಮಾಡಿಸಿ ಲೋಬಾನ ಹಾಕುತ್ತೀರಲ್ಲ, ಆ ಹೊಗೆಗೆ ನಾನೇನಾದರೂ ಹೇಳಿದ್ದೇನೆಯೇ ಎಂದಳು ಮಮ್ಮಿ. ಅಲ್ಲಿಗೆ ಮಾತು ನಿಂತಿತು. ಮಾತಿನ ಜೊತೆ ತಟ್ಟುವುದೂ ನಿಂತಿತು.

ತಟ್ಟದೆ ಆಫ್ ಇಲ್ಲ, ಆಫ್ ಇಲ್ಲದೆ ಫಿಲ್ಟರ್ ತೊಳೆಯುವಂತಿಲ್ಲ. ಎರಡೂ ಮನೆಯ ಹೊಗೆ, ಮರಳಧೂಳು ಸೇರಿ ಫಿಲ್ಟರ್ ಮುಚ್ಚಿಹೋಯಿತು. ಗಾಳಿಯಾಡದೆ ಏಸಿಯೊಳಗೆ ಐಸ್ ಕಟ್ಟಿತು. ಹೊರಗೆ ಹೋಗಬೇಕಾದ ನೀರು ದಾರಿ ಸಿಗದೆ ನಮ್ಮ ದಿಂಬಿಗೂ ಅವರ ತೊಟ್ಟಿಲಿಗೂ ತೊಟ್ಟಿಕ್ಕಿತು. ಶಿಫಾಳ ಕತ್ತಿನ ತುಂಬ ಬೆವರುಸಾಲೆ. ಅವಳು ಅತ್ತರೆ ನಮಗೂ ಊಟ ಸೇರುತ್ತಿರಲಿಲ್ಲ.

ಒಂದು ದಿನ ಪ್ಲೈವುಡ್ಡಿನಾಚೆ ಹಮೀದ್ ಅಂಕಲರ ಸ್ವರ ಕೇಳಿತು. "ಈ ಸೆಕೆಯಲ್ಲಿ ಮಗುವನ್ನು ಇಡ್ಲಿಕ್ಕೆ ಆಗುದಿಲ್ಲ. ಬರುವ ವಾರ ನಿಮ್ಮಿಬ್ಬರನ್ನೂ ಊರಿಗೆ ಕಳಿಸ್ತೇನೆ. ಖಲಾಸ್."

ಮಮ್ಮಿಯ ಕೈಯಲ್ಲಿದ್ದ ಸೌಟು ನಿಂತಿತು. ನಾನು ಸಂದಿನಿಂದ ಬಳೆಯನ್ನು ಹಿಂದಕ್ಕೆ ಎಳೆದುಕೊಂಡೆ.

ಶುಕ್ರವಾರ ಆಚೆಯಿಂದ ಕರಕರ ಸದ್ದು. ಅಂಕಲ್ ಸ್ಕ್ರೂಡ್ರೈವರಿನಿಂದ ಐಸ್ ಕೆತ್ತುತ್ತಿದ್ದರು. ಮಮ್ಮಿ ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು ಅವರ ಬಾಗಿಲಿಗೆ ಓಡಿದಳು, ಹಿಂದೆ ನಾನು.

"ಅದಕ್ಕೆ ಚುಚ್ಚಬೇಡಿ ಮಾರಾಯ್ರೆ. ಪೈಪು ತೂತಾದ್ರೆ ಗ್ಯಾಸ್ ಹೋಗ್ತದೆ. ಮತ್ತೆ ನೀವೂ ಬೆಂದ್ರಿ, ನಾವೂ ಬೆಂದೆವು. ಆಫ್ ಮಾಡಿ ಬಿಡುವ, ಅದೇ ಕರಗ್ತದೆ."

"ಅಷ್ಟು ಹೊತ್ತು ಮಗುವನ್ನು ಎಲ್ಲಿ ಇಡುದು, ಬಾಯಿ?" ಎಂದರು ಆಂಟಿ. ಮಮ್ಮಿಯನ್ನು ಅವರು ಕರೆಯುತ್ತಿದ್ದುದೇ ಹಾಗೆ.

"ಸೂಪರ್‌ ಮಾರ್ಕೆಟ್ ಉಂಟಲ್ಲ. ಅಲ್ಲಿ ತಂಪಿಗೆ ಬಿಲ್ ಮಾಡುದಿಲ್ಲ."

ಶಿಫಾಳನ್ನು ಟ್ರಾಲಿಯಲ್ಲಿ ಕೂರಿಸಿ ನಾನು ತಳ್ಳಿದೆ. ಹಾಲು, ಲಬಾನ್ ಎಂಬ ಅಲ್ಲಿಯ ಮಜ್ಜಿಗೆ ಇಟ್ಟ ತಂಪು ಕಪಾಟುಗಳ ಮುಂದೆಯೇ ಸುತ್ತಿದೆವು. ಅವಳ ಕತ್ತಿನ ಕೆಂಪು ಇಳಿಯಿತು. ಹೆಂಗಸರಿಬ್ಬರೂ ಬೇಡದ ಸೌತೆಕಾಯಿಗಳನ್ನು ತಿರುವಿ ನೋಡುತ್ತ ಚೌಕಾಸಿಗಿಳಿದರು. ಮಗುವಿಗೆ ನಿದ್ದೆಯಾಗುವ ಹೊತ್ತಿಗೆ ಹುರಿಯುವುದಿಲ್ಲ ಎಂದಳು ಮಮ್ಮಿ. ಲೋಬಾನ ಕಾರಿಡಾರಿನಲ್ಲಿ ಹಾಕುತ್ತೇನೆ ಎಂದರು ಆಂಟಿ. ಅಷ್ಟಾದರೂ ಆಂಟಿಯ ಮುಖ ಸಡಿಲವಾಗಲಿಲ್ಲ.

"ಮತ್ತೆಂತ ಬಾಕಿ, ಹೇಳಿ," ಎಂದಳು ಮಮ್ಮಿ.

"ಚಟ್ನಿ. ಇಷ್ಟು ಸಲ ಹುರಿದಿರಿ, ಒಂದು ಚಮಚ ಕೊಟ್ಟಿದ್ದೀರಾ? ಪರಿಮಳ ಮಾತ್ರ ಕಳಿಸುದು ಯಾವ ನ್ಯಾಯ?"

ಮಮ್ಮಿ ಸೌತೆಕಾಯಿ ಕೆಳಗಿಟ್ಟು ನಗತೊಡಗಿದಳು.

ಈಗ ದುಬೈಯಲ್ಲಿ ಬಟ್ಟೆ ವ್ಯಾಪಾರ ಮಾಡುವ ನಾನು ಇಂದಿಗೂ ಪಾಲಿಸುವ ಪಾಠ ಅದು: ಎದುರಿನವರು ಮೊದಲು ಹೇಳಿದ ದೂರಿಗೇ ನಿಲ್ಲಬೇಡಿ, ಬಾಕಿ ಏನೆಂದು ಕೇಳಿ. ಮೊನ್ನೆ ಹಿಮ ಬೀಳುವ ದೇಶದಿಂದ ಬಂದ ಗಿರಾಕಿಯೊಬ್ಬರು, ತಮ್ಮ ಮನೆಯ ಮಾಡಿನ ಅಂಚಿನಲ್ಲಿ ಐಸ್ ಕಟ್ಟಿ ನೀರು ಒಳಗಿಳಿಯಿತು, ಕೊಡಲಿ ಹಾಕಿದ್ದಕ್ಕೆ ಮಾಡೇ ಒಡೆಯಿತು ಎಂದರು. ಅವರಿಗೂ ಮಮ್ಮಿಯ ಮಾತನ್ನೇ ಹೇಳಿದೆ. ಕೆತ್ತಬೇಡಿ, ಕರಗಲು ಬಿಡಿ. ಮುಂದಿನ ಸಲ ಐಸ್ ಕಟ್ಟುವ ಮೊದಲೇ ನೋಡಿಕೊಳ್ಳಿ ಎಂದು ನನ್ನದೊಂದು ಮಾತು ಸೇರಿಸಿದೆ.

ನಾವು ಮರಳಿದಾಗ ಐಸ್ ಕರಗಿತ್ತು. ಅಂಕಲ್ ಫಿಲ್ಟರ್ ತೊಳೆದು ಹಾಕಿ ಪ್ಲೈವುಡ್ ತಟ್ಟಿದರು, ನಾನು ಸ್ವಿಚ್ಚು ಹಾಕಿದೆ. ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಶಿಫಾ ಮೊದಲ ಹೆಜ್ಜೆಯಿಟ್ಟದ್ದು ಆ ಪ್ಲೈವುಡ್ಡನ್ನೇ ಹಿಡಿದುಕೊಂಡು.

ಆ ವಿಲ್ಲಾ ಈಗಿಲ್ಲ. ಬರ್ ದುಬೈಯ ನನ್ನ ಫ್ಲ್ಯಾಟಿನಲ್ಲಿ ಕೋಣೆಗೊಂದು ಏಸಿ. ಸ್ವಿಚ್ಚೂ ನನ್ನದೇ, ಫಿಲ್ಟರೂ ನನ್ನದೇ. ಒಣಸಿಗಡಿ ಹುರಿದರೆ ಚಿಮಣಿ ಹೊಗೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಗೋಡೆಯಾಚೆಯವರಿಗೆ ಪರಿಮಳವೇ ಹೋಗುವುದಿಲ್ಲ, ಇನ್ನು ಚಟ್ನಿ ಕೇಳುವವರು ಯಾರು?