ಉಗುಳಿ ಉಗುಳಿ ರಕ್ತ ನಿಲ್ಲಿಸಲು ಹೊರಟವರು

ಗೆಳತಿಯರೇ, ಇವತ್ತು ಬೆಳಿಗ್ಗೆ ನವನಗರದ ದವಾಖಾನೆಯಲ್ಲಿ ನಮ್ಮ ಯಜಮಾನರಿಗೆ ಹಲ್ಲಿನ ಇಂಪ್ಲಾಂಟ್ ಕೂಡಿಸಿದರು. ಹತ್ತಿಬಟ್ಟೆಯ ಉಂಡೆಯನ್ನು ಒಂದು ತಾಸು ಕಚ್ಚಿ ಹಿಡಿಯಿರಿ, ಇವತ್ತು ಉಗುಳಬೇಡಿ, ಮುಕ್ಕಳಿಸಬೇಡಿ ಎಂದರು ಡಾಕ್ಟರು. ಮನೆಗೆ ಬಂದದ್ದೇ ನಮ್ಮ ನಿವೃತ್ತ ಮಾಸ್ತರರು ಉಂಡೆ ತೆಗೆದೆಸೆದು, ಐದು ನಿಮಿಷಕ್ಕೊಮ್ಮೆ ಬೇಸಿನ್ನಿಗೆ ಹೋಗಿ ಉಗುಳತೊಡಗಿದರು. ಕೇಳಿದರೆ, "ರಕ್ತ ನಿಂತೈತೇನು ನೋಡಾಕತ್ತೇನಿ" ಎಂದರು.

"ನೀವು ಉಗುಳೂದಕ್ಕ ಅದು ನಿಲ್ಲವಲ್ತ್ರಿ."

"ಹೈಸ್ಕೂಲ್ ಕಲತಾಕಿ, ನಿನಗೇನ ತಿಳೀತೈತಿ?"

"ಡಾಕ್ಟರ್ ಹೇಳಿದ್ದು ಕೇಳಾಕ ಕಿವಿ ಸಾಕ್ರಿ, ಡಿಗ್ರಿ ಬೇಕಿಲ್ಲ."

ಅಂಗಿಯ ಮೇಲೆ ರಕ್ತ ಸೋರಿದಾಗ ಮಾತ್ರ ಮಾಸ್ತರರ ಮುಖ ಬಿಳಿಚಿತು. ಹೊಸ ಉಂಡೆ ಕಚ್ಚಿಸಿ, ಗಡಿಯಾರದ ಎದುರು ಒಂದು ತಾಸು ಕೂಡಿಸಿದೆ. ರಕ್ತ ನಿಂತಿತು. ಬಾಯಿ ತೆರೆದವರೇ, "ನೋಡಿದಿ? ಉಗುಳಿ ಉಗುಳಿ ಕೆಟ್ಟ ರಕ್ತ ಎಲ್ಲಾ ಹೋತು" ಎಂದರು.

ಇನ್ನೊಂದು ಉಂಡೆ ಕಚ್ಚಿಸಿದೆ. ಇದು ರಕ್ತಕ್ಕಲ್ಲ.