ಮರ್ಯಾದಸ್ಥರ ಬಡತನ

ಓದುಗ ಮಿತ್ರರೆ, ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಆದ್ದರಿಂದ ಬರೆಯಲು ಕುಳಿತಾಗಲೆಲ್ಲ ಯಾವ ಪದ ಎಲ್ಲಿ ಜಾರುವುದೋ ಎಂಬ ಅಳುಕು. ಈ ನಿರೂಪಣೆಯ ಲೋಪಗಳನ್ನು ದಯವಿಟ್ಟು ಮನ್ನಿಸಬೇಕು.

ಗುಬ್ಬಿಯ ಸಮೀಪದ ನಮ್ಮ ಮನೆಯಲ್ಲಿ, ಒಲೆಯ ಮೇಲ್ಗಡೆ ಒಂದು ಅಟ್ಟವಿದೆ. ಅಲ್ಲಿ ಪೇರಿಸಿದ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತದೆ. ಹೊರಗಿನ ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ನೀರು ಮಾತ್ರ ಸದ್ದಿಲ್ಲದೆ ಇಂಗುತ್ತದೆ. ನಮ್ಮಂಥ ಮನೆಗಳ ಬಡತನವೂ ಹೀಗೆಯೇ. ತೋಟವಿದೆ, ಹೆಸರಿದೆ, ಹಬ್ಬಕ್ಕೆ ಬಂದವರಿಗೆ ಹೋಳಿಗೆಯಿದೆ. ಹಾಗಾಗಿ ನಮ್ಮನ್ನು ಬಡವರೆಂದು ಯಾರೂ ಅನ್ನರು, ಹೇಳಿಕೊಳ್ಳಲು ನಮಗೂ ಬಾಯಿ ಬಾರದು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ತಂಗಿ ಸವಿತಾಳಿಗೆ ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅವಳನ್ನು ಓದಿಸಲೇಬೇಕೆಂಬುದು ಅಮ್ಮನ ಹಟ. ಕೆಲವೇ ದಿನಗಳಲ್ಲಿ ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ದೊಡ್ಡಮ್ಮನೊಡನೆ ಬಂದು ಜಗಲಿಯ ಮೇಲೆ ಕುಳಿತರು.

"ಏನಮ್ಮ, ನಮ್ಮನೆ ಸೊಸೆ ಫ್ಯಾಕ್ಟ್ರಿ ವ್ಯಾನ್ ಕಾಯ್ಕೊಂಡು ರೋಡಲ್ಲಿ ನಿಂತ್ಕಳೋದಾ? ಕುಣಿಗಲ್‌ನೋರು ಸವಿತನ್ನ ನೋಡೋಕೆ ಬರ್ತಾವ್ರೆ. ಕೂಲಿಯೋರ ಮನೆ ಅಂತ ಅವ್ರು ವಾಪಸ್ ಹೋಗ್ಬೇಕಾ?" ಎಂದರು ದೊಡ್ಡಪ್ಪ.

"ಮನೇಲಿ ಗೇದ್ರೆ ಮರ್ವಾದೆ, ಹೊರಗೆ ಗೇದ್ರೆ ಕೂಲಿ, ಅಲ್ವಾ ಭಾವ?" ಎಂದಳು ಅಮ್ಮ.

"ನಿಂಗೇನ್ ಬುಡು ತಾಯಿ," ಎಂದರು ದೊಡ್ಡಮ್ಮ, "ಡಬ್ಬಿ ಹಿಡ್ಕೊಂಡು ಹೊಂಟೋಯ್ತೀಯ. ಊರೋರಿಗೆ ಉತ್ತರ ಹೇಳೋರು ನಾವು."

"ಊರೋರು ನನ್ ಫೀಸ್ ಕಟ್ತಾರಾ ದೊಡ್ಡಮ್ಮ?" ಎಂದು ಸವಿತಾ ಒಳಗಿನಿಂದಲೇ ಕೇಳಿದಳು.

"ನೋಡ್ದಾ, ನರ್ಸ್ ಆಗೋಕ್ ಮುಂಚೆನೇ ಚುಚ್ತಾಳೆ," ಎಂದು ದೊಡ್ಡಪ್ಪ ನಕ್ಕರು.

ಅವರು ಕ್ರೂರಿಗಳಲ್ಲ. ಅವರ ಮಗಳೂ ಮದುವೆಯ ವಯಸ್ಸಿಗೆ ಬಂದಿದ್ದಳು. ನಮ್ಮ ಮನೆಯ ಹೆಸರು ಕೆಟ್ಟರೆ ಅವಳ ಹೆಸರೂ ಕೆಡುತ್ತಿತ್ತು. ಆದರೆ ಆಸ್ತಿ ಪಾಲಾದಾಗ ಕೊಳವೆಬಾವಿ ಅವರ ಭಾಗಕ್ಕೆ ಹೋಗಿತ್ತು, ನಮ್ಮ ತೋಟ ಅವರು ಬಿಡುವ ನೀರಿನಿಂದಲೇ ಬದುಕುತ್ತಿತ್ತು. ಆ ವಾರ ನೀರು ಬರಲಿಲ್ಲ. "ಮೋಟ್ರು ಕೆಟ್ಟೈತೆ ಕಣವ್ವ," ಎಂದರು ದೊಡ್ಡಮ್ಮ. ಅವರ ಮರಗಳ ಬುಡ ಮಾತ್ರ ಒದ್ದೆಯಾಗಿತ್ತು.

ಬಡತನದ ಕಾರಣಗಳನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಮಳೆ, ಭೂಮಿ, ನಿರುದ್ಯೋಗ ಎಲ್ಲವೂ ಅಲ್ಲಿದ್ದವು; ಸಿಕ್ಕ ಉದ್ಯೋಗವನ್ನು ಬಿಡಿಸುವ ನೆಂಟಸ್ತಿಕೆ ಇರಲಿಲ್ಲ. ನನ್ನ ಓದಿಗೆ ಯಾರೂ ಅಡ್ಡ ಬಂದವರಲ್ಲ, ಏಕೆಂದರೆ ಗಂಡುಮಗನ ಓದು ಮನೆತನಕ್ಕೆ ಕೀರ್ತಿ. ಅದೇ ಮನೆತನ ವಿಧವೆಯ ದುಡಿಮೆಗೆ ನಾಚುತ್ತದೆ, ಅವಳ ಹಸಿವಿಗೆ ನಾಚುವುದಿಲ್ಲ.

ಅಮ್ಮ ಕೆಲಸ ಬಿಟ್ಟಳು. ಮರುದಿನವೇ ನೀರು ಬಂತು. ಕುಣಿಗಲ್‌ನವರು ಬಂದು ಒಪ್ಪಿದರು. ಸವಿತಾ ಕಾಲೇಜು ಸೇರಲಿಲ್ಲ. ಮದುವೆಯಾಗಿ ಹೋದ ಅವಳು ಈಗ, ಅತ್ತೆಯೇ ಹುಡುಕಿಕೊಟ್ಟ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಸಂಬಳ ಅತ್ತೆಯ ಕೈ ಸೇರುತ್ತದೆ. "ಅದು ಅವ್ರ ಮನೆ ವಿಚಾರ, ನಾವು ಮಾತಾಡಂಗಿಲ್ಲ," ಎನ್ನುತ್ತಾರೆ ದೊಡ್ಡಪ್ಪ. ಅಮ್ಮ ರಾತ್ರಿಯ ಊಟ ಬಿಟ್ಟಿದ್ದಾಳೆ. ಕೇಳಿದವರಿಗೆ ಹಸಿವಿಲ್ಲ ಎನ್ನುತ್ತಾಳೆ.